ಮಗಳ ಮುಟ್ಟಿನ ಹೊಟ್ಟೆನೋವಿಗೆ ಜೋಳದ ಗಂಟು

ಅಕ್ಕಾರೇ, 14 ವರ್ಷದ ಮಗಳು ಮುಟ್ಟಾದಾಗ ಎರಡು ದಿನ ಶಾಲೆಗೆ ಹೋಗಲ್ಲ, ಗುಳಿಗೆ ಬಿಟ್ಟು ಬೇರೆ ದಾರಿ ಏನು ಅಂತ ಸಿಂಧನೂರಿನಿಂದ ಕೇಳೀರಿ. ನಮ್ಮ ಗಂಗಾವತಿ ಮನೆಯಲ್ಲೂ ಇದೇ ಗೋಳಿತ್ತು.

ಮೊದಲು ಶಾಖ ಕೊಡಿ. ಹಾಟ್ ವಾಟರ್ ಬ್ಯಾಗ್ ಇಲ್ಲದಿದ್ದರೆ ಎರಡು ಹಿಡಿ ಜೋಳ ಹಂಚಿನ ಮೇಲೆ ಬೆಚ್ಚಗೆ ಮಾಡಿ, ಹಳೇ ಕಾಟನ್ ಬಟ್ಟೆಯಲ್ಲಿ ಗಂಟು ಕಟ್ಟಿ. ನಿಮ್ಮ ಮುಂಗೈಗೆ ಒತ್ತಿ ನೋಡಿ. ಸುಡದಿದ್ದರೆ ಮಾತ್ರ ಅವಳ ಕಿಬ್ಬೊಟ್ಟೆಗೆ, ಆಮೇಲೆ ಸೊಂಟಕ್ಕೆ 15-20 ನಿಮಿಷ ಇಡಿ. ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕದಿಂದ ಗರ್ಭಕೋಶ ಬಿಗಿದು ಹಿಂಡುತ್ತದೆ, ನೋವು ಅದರದೇ. ಬಿಸಿ ತಾಗಿದರೆ ಆ ಬಿಗಿತ ಸಡಿಲಾಗುತ್ತದೆ.

ದಯವಿಟ್ಟು ಮೂಲೆಯಲ್ಲಿ ಕೂಡಿಸಬೇಡಿ. ಬಿಸಿನೀರು ಸ್ನಾನ ಮಾಡಲಿ, ಅಂಗಳದಲ್ಲಿ ಅಡ್ಡಾಡಲಿ. ಉಳಿದ ದಿನಗಳಲ್ಲೂ ವಾರಕ್ಕೆ ಮೂರು ಸಲ ಮುಕ್ಕಾಲು ತಾಸು ಆಟವೋ ಬಿರುಸು ನಡಿಗೆಯೋ ಇದ್ದರೆ ನೋವು ಬರಬರುತ್ತ ತಗ್ಗುತ್ತದೆ. ಶುಂಠಿ ಕಷಾಯ ಕೆಲವರಿಗೆ ಹಿಡಿಸುತ್ತದೆ.

ಇಷ್ಟಾದರೂ ಶಾಲೆ ತಪ್ಪುತ್ತಿದ್ದರೆ, ಗಂಟೆಗೊಂದು ಪ್ಯಾಡ್ ತೊಯ್ದರೆ, ಮುಟ್ಟಿಲ್ಲದಾಗಲೂ ನೋವಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಗಳ ಸ್ನೇಹ ಕ್ಲಿನಿಕ್ ಇರೋದೇ ಈ ವಯಸ್ಸಿನ ಮಕ್ಕಳಿಗೆ. ಅಲ್ಲಿ ಗುಳಿಗೆ ಬರೆದುಕೊಟ್ಟರೆ ಹೆದರಬೇಡಿ, ಕೊಡಿ.