ಓದುಗರ ಪ್ರಶ್ನೆಗೆ ಕಲಾವಿದರ ಉತ್ತರ: ಬೆಟ್ಟಕ್ಕೆ ಆಯಿಲ್ ಪೇಂಟ್ ಒಯ್ಯುವಾಗ

ಪ್ರಶ್ನೆ: ನಂದಿಬೆಟ್ಟದಲ್ಲಿ ಎರಡು ದಿನದ ಆಯಿಲ್ ಪೇಂಟಿಂಗ್ ಶಿಬಿರಕ್ಕೆ ಹೆಸರು ಕೊಟ್ಟಿದ್ದೇನೆ. ಅಂಗಡಿಯವರು 24 ಬಣ್ಣದ ಸೆಟ್ ತಗೊಳ್ಳಿ ಅನ್ನುತ್ತಾರೆ. ಅಷ್ಟು ಬೇಕೆ? (ಚಿಂತಾಮಣಿಯ ಓದುಗರು)

ಬೇಡ. ಟೈಟಾನಿಯಂ ವೈಟ್, ಲೆಮನ್ ಯೆಲ್ಲೊ, ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ (ಕೆಂಗಂದು), ಕ್ರಿಮ್ಸನ್, ಅಲ್ಟ್ರಾಮರೀನ್ ಬ್ಲೂ, ಈ ಆರು ಟ್ಯೂಬ್ ಸಾಕು. ಸೆಟ್‌ನಲ್ಲಿ ಎಲ್ಲ ಟ್ಯೂಬೂ ಒಂದೇ ಅಳತೆ ಇರುತ್ತದೆ, ಬಿಳಿ ಮೊದಲ ದಿನವೇ ಖಾಲಿ. ಬಿಡಿಯಾಗಿ ಕೊಂಡು, ಬಿಳಿಯನ್ನು ಮಾತ್ರ ದೊಡ್ಡದು ತನ್ನಿ. ಕಪ್ಪು ಬೇಡವೇ ಬೇಡ. ಅಲ್ಟ್ರಾಮರೀನ್‌ಗೆ ಬರ್ನ್ಟ್ ಸಿಯೆನ್ನಾ ಕಲಸಿ ಬಿಳಿ ಸೇರಿಸಿದರೆ ನಮ್ಮ ಕಡೆಯ ಹೆಬ್ಬಂಡೆಗಳ ಬೂದು ಸಿಗುತ್ತದೆ: ನೆರಳಿಗೆ ನೀಲಿ ಹೆಚ್ಚು, ಬಿಸಿಲು ಬಿದ್ದ ಕಡೆ ಸಿಯೆನ್ನಾ ಹೆಚ್ಚು. ಹಂದಿಕೂದಲಿನ ಚಪ್ಪಟೆ ಬ್ರಷ್ 4, 8, 12 ನಂಬರಿನವು, ಬಣ್ಣ ಕಲಸಲು ಒಂದು ಪ್ಯಾಲೆಟ್ ನೈಫ್ (ಚಪ್ಪಟೆ ಚಾಕು). ವಾಟರ್ ಕಲರ್‌ನ ಮೆತ್ತನೆಯ ಬ್ರಷ್ ಈ ಗಟ್ಟಿ ಬಣ್ಣವನ್ನು ಎತ್ತುವುದಿಲ್ಲ.

ಪ್ರಶ್ನೆ: ಕ್ಯಾನ್ವಾಸ್ ದುಬಾರಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗೆ ಗೋಡೆಯ ಡಿಸ್ಟೆಂಪರ್ ಬಳಿದರೆ ನಡೆಯುತ್ತದೆಯೇ? (ಶಿರಾದ ಓದುಗರು)

ಎಂಡಿಎಫ್ ಒಳ್ಳೆಯದೇ, ಗಾಳಿಗೆ ಕ್ಯಾನ್ವಾಸ್‌ನಂತೆ ಪಟಪಟ ಅನ್ನುವುದಿಲ್ಲ. ಡಿಸ್ಟೆಂಪರ್ ಮಾತ್ರ ಕೂಡದು. ಅದು ಬಣ್ಣದೊಳಗಿನ ಎಣ್ಣೆಯನ್ನು ಹೀರಿಬಿಡುತ್ತದೆ. ಚಿತ್ರ ಮಂಕಾಗಿ, ಮುಂದೆ ಪುಡಿಯಾಗಿ ಉದುರುತ್ತದೆ. 4 ಮಿ.ಮೀ. ದಪ್ಪದ ಹಲಗೆಯನ್ನು 8x10 ಇಂಚಿಗೆ ಕೊಯ್ಸಿ, ಆಕ್ರಿಲಿಕ್ ಜೆಸ್ಸೊ (ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ಅಡಿಲೇಪ) ಬಳಿಯಿರಿ. ಮೊದಲ ಕೋಟಿಗೆ ತುಸು ನೀರು ಬೆರೆಸಿ, ಅಡ್ಡಕ್ಕೆ ಎಳೆಯಿರಿ. ಚೆನ್ನಾಗಿ ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. 220 ನಂಬರಿನ ಉಪ್ಪುಕಾಗದದಲ್ಲಿ ಹಗುರವಾಗಿ ಉಜ್ಜಿ ಮೂರನೆಯದು. ಅಂಚಿಗೂ ಹಿಂಬದಿಗೂ ಒಂದು ಕೋಟ್ ಬೇಕು, ಇಲ್ಲದಿದ್ದರೆ ಒಂದೇ ಬದಿ ಎಳೆದು ಹಲಗೆ ಬಾಗುತ್ತದೆ. ಒಂದಿಡೀ ದಿನ ಒಣಗಲು ಬಿಡಿ. ಕೊನೆಗೆ ಬರ್ನ್ಟ್ ಸಿಯೆನ್ನಾ ಆಕ್ರಿಲಿಕ್ ಬಣ್ಣವನ್ನು ನೀರಾಗಿಸಿ ಬಟ್ಟೆಯಲ್ಲಿ ಸವರಿ. ಅಚ್ಚ ಬಿಳಿಯ ಮೇಲೆ ಇಟ್ಟ ಮೊದಲ ಬಣ್ಣ ಇರುವುದಕ್ಕಿಂತ ಕಡುವಾಗಿ ಕಾಣುತ್ತದೆ. ಹಾಗಾಗಿ ಕೈ ತಾನಾಗಿ ಬಿಳಿ ಬೆರೆಸುತ್ತ ಹೋಗಿ ಚಿತ್ರ ಸುಣ್ಣ ಹೊಡೆದಂತಾಗುತ್ತದೆ.

ಪ್ರಶ್ನೆ: ಬಣ್ಣ ತೆಳುಮಾಡಲು, ಬ್ರಷ್ ತೊಳೆಯಲು ಟರ್ಪೆಂಟೈನ್ ಬದಲು ಸೀಮೆಎಣ್ಣೆ ಆಗುತ್ತದೆಯೇ? ಬಸ್ಸಿನಲ್ಲಿ ಹೋಗುವವರು ನಾವು. (ಮುಳಬಾಗಿಲಿನ ಓದುಗರು)

ಸೀಮೆಎಣ್ಣೆ ಬೇಗ ಆರುವುದಿಲ್ಲ, ಜಿಡ್ಡು ಉಳಿಸುತ್ತದೆ. ಬಣ್ಣಕ್ಕೆ ಬೆರೆಸಬೇಡಿ. ಟರ್ಪೆಂಟೈನ್ ಸುಲಭವಾಗಿ ಹೊತ್ತಿಕೊಳ್ಳುವ ವಸ್ತು, ಬಸ್ಸಿಗೂ ರೈಲಿಗೂ ಅದನ್ನು ಹತ್ತಿಸಬಾರದು. ಶಿಬಿರದವರೇ ತಮ್ಮ ವಾಹನದಲ್ಲಿ ತರುತ್ತಾರೆಯೇ ಎಂದು ಮೊದಲೇ ಕೇಳಿ. ತರದಿದ್ದರೂ ಕೆಲಸ ನಿಲ್ಲುವುದಿಲ್ಲ. ಬ್ರಷ್ಷನ್ನು ಬಟ್ಟೆಯಲ್ಲಿ ಹಿಂಡಿ, ನಾಲ್ಕು ಹನಿ ಅಗಸೆಎಣ್ಣೆಯಲ್ಲಿ ಅದ್ದಿ, ಮತ್ತೆ ಒರೆಸಿ. ಸಂಜೆ ಬಾರ್ ಸೋಪು. ಮುಖ್ಯವಾದದ್ದು ಆ ಬಟ್ಟೆ. ಅಗಸೆಎಣ್ಣೆ ಗಾಳಿಯ ಆಮ್ಲಜನಕ ಹೀರಿ ಒಣಗುವಾಗ ಬಿಸಿಯಾಗುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಚೀಲಕ್ಕೆ ತುರುಕಿದರೆ ಆ ಬಿಸಿ ಒಳಗೇ ಉಳಿದು, ಕಡ್ಡಿ ಗೀರದೆಯೂ ಹೊತ್ತಿಕೊಳ್ಳಬಹುದು. ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬದಲ್ಲಿ ಮುಳುಗಿಸಿ ತನ್ನಿ.

ಪ್ರಶ್ನೆ: ಹಸಿ ಚಿತ್ರವನ್ನು ಮನೆಗೆ ತರುವುದು ಹೇಗೆ? (ಮಾಲೂರಿನ ಓದುಗರು)

ಒಂದೇ ಅಳತೆಯ ಎರಡು ಹಲಗೆ ಎದುರುಬದುರು ಇಡಿ. ನಾಲ್ಕು ಮೂಲೆಯಲ್ಲಿ ಬೆರಳಗಲ ಬಣ್ಣ ಹಚ್ಚದೆ ಬಿಟ್ಟು, ಅಲ್ಲಿ ಬಾಟಲಿಯ ಬಿರಡೆ ಕೊಯ್ದ ಚೂರು ಇಟ್ಟು ಬೈಂಡರ್ ಕ್ಲಿಪ್ ಹಾಕಿ. ಬಣ್ಣ ದಪ್ಪಗಿದ್ದರೆ ಚೂರೂ ದಪ್ಪಗಿರಲಿ. ಮನೆಯಲ್ಲಿ ಬಿಚ್ಚಿ ಬೆಳಕಿರುವ ಕಡೆ ಒಣಗಿಸಿ. ದಪ್ಪ ಬಿಳಿಗೆ ವಾರ ದಾಟುತ್ತದೆ.

ಪ್ರಶ್ನೆ: ದೇವರಾಯನದುರ್ಗದಲ್ಲಿ ಚೆನ್ನಾಗಿ ಬಂದ ಚಿತ್ರ ಮನೆಯಲ್ಲಿ ಕಪ್ಪಗೆ ಕಾಣುತ್ತದೆ, ಏಕೆ? (ತುಮಕೂರಿನ ಓದುಗರು)

ಹಲಗೆಯ ಮೇಲೆ ನೇರ ಬಿಸಿಲು ಬಿದ್ದಿದೆ. ಆ ಬೆಳಕಲ್ಲಿ ಕಡು ಬಣ್ಣವೂ ಹೊಳೆಯುತ್ತದೆ. ಹಲಗೆ, ಬಣ್ಣ ಕಲಸುವ ಪ್ಯಾಲೆಟ್ ಎರಡೂ ಒಂದೇ ನೆರಳಲ್ಲಿರಲಿ. ಕೊಡೆ ಕಪ್ಪು ಅಥವಾ ಬೂದು; ಕೆಂಪು ಕೊಡೆಯಾದರೆ ಹಲಗೆಯೂ ಕೆಂಪಾಗುತ್ತದೆ. ಕೊಡೆಯನ್ನು ಈಸೆಲ್‌ಗೆ (ಹಲಗೆ ನಿಲ್ಲಿಸುವ ಸ್ಟ್ಯಾಂಡಿಗೆ) ಕಟ್ಟಬೇಡಿ, ಗಾಳಿ ಎರಡನ್ನೂ ಸೇರಿಸಿ ಉರುಳಿಸುತ್ತದೆ. ಈಸೆಲ್‌ನ ನಡುವೆ ಕಲ್ಲು ತುಂಬಿದ ಚೀಲ ತೂಗಿಬಿಡಿ. ತಿಂಡಿಯನ್ನು ಬಣ್ಣದ ಚೀಲದಲ್ಲಿ ಇಡಬೇಡಿ, ಅಲ್ಲಿನ ಕೋತಿಗಳು ಟ್ಯೂಬನ್ನೂ ಕಚ್ಚಿ ನೋಡುತ್ತವೆ.