ಹೊಸ ಕೋಚ್ ಬಂದ ಮೊದಲ ಸೀಸನ್‌ನಲ್ಲೇ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ತಂಡವೊಂದು ಬದಲಾಗಲು ಸಾಧ್ಯವೇ?

ಸಾಧ್ಯ. ಆದರೆ ನಿಮ್ಮ ಪ್ರಶ್ನೆಯ ಎರಡನೆಯ ಭಾಗ, ಅಂದರೆ ಆಟಗಾರರು ಬಹುಪಾಲು ಹಳಬರೇ ಆಗಿರುವಾಗ ಕೋಚ್ ಬದಲಿಸುವುದಾದರೂ ಏನನ್ನು ಎಂಬುದು, ಹೆಚ್ಚು ಕುತೂಹಲದ್ದು. ಅದಕ್ಕೆ ಉತ್ತರಿಸಲು ನಾನು 2011ರ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡವನ್ನು ಆರಿಸಿಕೊಳ್ಳುತ್ತೇನೆ. ಆಗ ನಾನು ಆ ನಗರದ ಸುತ್ತಲಿನ ಬೇ ಏರಿಯಾದಲ್ಲಿಯೇ ಇದ್ದುದರಿಂದ ಆ ಸೀಸನ್ನನ್ನು ವಾರವಾರವೂ ನೋಡಿದ್ದೇನೆ.

ಹಿಂದಿನ ವರ್ಷ ಈ ತಂಡ 16 ಪಂದ್ಯಗಳಲ್ಲಿ ಗೆದ್ದಿದ್ದು ಕೇವಲ 6. ಕೋಚ್ ಮೈಕ್ ಸಿಂಗಲ್ಟರಿಯವರನ್ನು ಕೊನೆಯ ಪಂದ್ಯಕ್ಕೂ ಮೊದಲೇ ತೆಗೆದುಹಾಕಲಾಗಿತ್ತು. 2002ರ ಸೀಸನ್ನಿನ ಬಳಿಕ ಪ್ಲೇಆಫ್ ಎಂಬುದೇ ಇರಲಿಲ್ಲ. 2011ರ ಜನವರಿಯಲ್ಲಿ, ಅದೇ ಪ್ರದೇಶದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೋಚ್ ಆಗಿದ್ದ ಜಿಮ್ ಹಾರ್ಬಾ ಅಧಿಕಾರ ವಹಿಸಿಕೊಂಡರು. ಮಾರ್ಚ್‌ನಲ್ಲಿ ಮಾಲೀಕರಿಗೂ ಆಟಗಾರರ ಸಂಘಕ್ಕೂ ಒಪ್ಪಂದ ಮುರಿದುಬಿದ್ದು ಲಾಕೌಟ್ ಆರಂಭವಾಯಿತು. ಜುಲೈ ಕೊನೆಯವರೆಗೂ ಕೋಚ್ ತನ್ನ ಆಟಗಾರರಿಗೆ ಪಾಠ ಹೇಳುವಂತಿರಲಿಲ್ಲ. ಹೊಸ ಕೋಚ್ ಇರುವ ತಂಡಕ್ಕೆ ಇದಕ್ಕಿಂತ ದೊಡ್ಡ ಹೊಡೆತ ಇರಲಾರದೆಂದೇ ಎಲ್ಲರೂ ಭಾವಿಸಿದ್ದರು.

ಆ ತಿಂಗಳುಗಳಲ್ಲಿ ತಂಡವನ್ನು ಒಟ್ಟುಗೂಡಿಸಿದವರು ಕ್ವಾರ್ಟರ್‌ಬ್ಯಾಕ್ (ಆಕ್ರಮಣವನ್ನು ನಡೆಸಿ ಚೆಂಡು ಎಸೆಯುವ ಆಟಗಾರ) ಅಲೆಕ್ಸ್ ಸ್ಮಿತ್. ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 2005ರಲ್ಲಿ ಮೊಟ್ಟಮೊದಲು ಆಯ್ಕೆಯಾದ ಈತನನ್ನು ಊರಿನ ಅಭಿಮಾನಿಗಳು ವರ್ಷಗಳಿಂದ ಹೀಯಾಳಿಸುತ್ತ ಬಂದಿದ್ದರು. ಹೆಚ್ಚುಕಡಿಮೆ ಪ್ರತಿವರ್ಷವೂ ಆಕ್ರಮಣ ವಿಭಾಗದ ಮುಖ್ಯಸ್ಥ ಬದಲಾಗಿ, ಪ್ರತಿ ಬಾರಿಯೂ ಹೊಸ ಪ್ಲೇಬುಕ್ (ಆಟದ ಯೋಜನೆಗಳ ಪುಸ್ತಕ) ಉರುಹೊಡೆಯಬೇಕಾದ ಆಟಗಾರನಿಂದ ಇನ್ನೇನನ್ನು ನಿರೀಕ್ಷಿಸಬಹುದಿತ್ತೋ ನನಗೆ ತಿಳಿಯದು. ಲಾಕೌಟ್ ವೇಳೆ ಅವರ ಕೈಯಲ್ಲಿ ಗುತ್ತಿಗೆಯೂ ಇರಲಿಲ್ಲ. ಆದರೂ ಹಾರ್ಬಾ ಅವರ ಪ್ಲೇಬುಕ್ ಹಿಡಿದುಕೊಂಡು ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಸಹ ಆಟಗಾರರಿಗೆ ಅಭ್ಯಾಸ ನಡೆಸಿದರು. ಪತ್ರಿಕೆಗಳು ಅದನ್ನು 'ಕ್ಯಾಂಪ್ ಅಲೆಕ್ಸ್' ಎಂದು ಕರೆದವು.

ಹಾರ್ಬಾ ಬದಲಿಸಿದ್ದೇನು ಎಂಬುದಕ್ಕೆ ನನ್ನ ಉತ್ತರ ಇಷ್ಟೇ: ಸ್ಮಿತ್‌ರಿಂದ ಪವಾಡ ಬಯಸುವುದನ್ನು ಅವರು ಬಿಟ್ಟರು. ಚೆಂಡನ್ನು ಕೈಬಿಡಬೇಡ, ಓಟಗಾರ ಫ್ರ್ಯಾಂಕ್ ಗೋರ್‌ಗೆ ಕೊಟ್ಟು ಓಡಿಸು, ದಾರಿಯಿಲ್ಲದಿದ್ದರೆ ಪಂಟ್ ಮಾಡಿಸಿ, ಅಂದರೆ ಚೆಂಡನ್ನು ದೂರ ಒದೆಸಿ, ಎದುರಾಳಿಯನ್ನು ಅವರದೇ ತುದಿಗೆ ದೂಡೋಣ, ಉಳಿದದ್ದನ್ನು ರಕ್ಷಣಾ ವಿಭಾಗ ನೋಡಿಕೊಳ್ಳುತ್ತದೆ. ಇಡೀ ಸೀಸನ್ನಿನಲ್ಲಿ ತಂಡ ತಪ್ಪಿನಿಂದ ಎದುರಾಳಿಗೆ ಚೆಂಡು ಒಪ್ಪಿಸಿದ್ದು 10 ಬಾರಿ, ಕಸಿದುಕೊಂಡಿದ್ದು 38 ಬಾರಿ. ಸ್ಮಿತ್ 17 ಟಚ್‌ಡೌನ್ (ಎದುರಾಳಿಯ ಗೋಲ್ ಲೈನ್ ದಾಟಿ ಗಳಿಸುವ 6 ಅಂಕ) ಪಾಸ್ ಕೊಟ್ಟು, ಎದುರಾಳಿಯ ಕೈಗೆ ಎಸೆದದ್ದು 5 ಮಾತ್ರ. ಗೋಲ್ ಲೈನ್ ಹತ್ತಿರ ಬಂದು ತಡವರಿಸುವ ದೋಷ ಮಾತ್ರ ಕೊನೆಯವರೆಗೂ ಹೋಗಲಿಲ್ಲ. ಕಿಕ್ಕರ್ ಡೇವಿಡ್ ಏಕರ್ಸ್ 44 ಫೀಲ್ಡ್ ಗೋಲ್ (ಟಚ್‌ಡೌನ್ ಸಿಗದಾಗ ಕಂಬಗಳ ನಡುವೆ ಒದ್ದು ಪಡೆಯುವ 3 ಅಂಕ) ಬಾರಿಸಿ ದಾಖಲೆ ಮಾಡಿದ್ದರ ಹಿಂದಿನ ಸತ್ಯ ಅದು.

ಎರಡನೆಯ ವಾರದ ಒಂದು ನಿರ್ಧಾರದಲ್ಲಿ ಈ ಸ್ವಭಾವವೆಲ್ಲ ಕಾಣುತ್ತದೆ. ಡಲ್ಲಾಸ್ ಕೌಬಾಯ್ಸ್ ವಿರುದ್ಧ ಏಕರ್ಸ್ 55 ಗಜದಿಂದ ಫೀಲ್ಡ್ ಗೋಲ್ ಹೊಡೆದಾಗ ಎದುರಾಳಿ ತಪ್ಪೆಸಗಿತು. ಪೆನಾಲ್ಟಿ ಸ್ವೀಕರಿಸಿದ್ದರೆ ಆ 3 ಅಂಕ ಬಿಟ್ಟುಕೊಟ್ಟು, ಹೊಸ ಫಸ್ಟ್ ಡೌನ್‌ನೊಂದಿಗೆ (10 ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೊದಲನೆಯದು) ಟಚ್‌ಡೌನ್‌ಗೆ ಪ್ರಯತ್ನಿಸಬಹುದಿತ್ತು. ಹಾರ್ಬಾ ಕೈಯಲ್ಲಿದ್ದ ಅಂಕಗಳನ್ನೇ ಇಟ್ಟುಕೊಂಡರು. 24-14ರ ಮುನ್ನಡೆ ಕರಗಿ, ಹೆಚ್ಚುವರಿ ಅವಧಿಯಲ್ಲಿ 27-24ರಿಂದ ಸೋತರು. ಟೀಕೆಗಳ ಸುರಿಮಳೆಯಾಯಿತು. ಆ ನಿರ್ಧಾರ ನನಗೆ ಈಗಲೂ ಅತಿ ಎಚ್ಚರಿಕೆಯದೆನಿಸುತ್ತದೆ. ಆದರೆ ಅದರ ನಂತರ ತಂಡ ಸತತ ಎಂಟು ಪಂದ್ಯ ಗೆದ್ದಿತು. ಅವುಗಳಲ್ಲಿ ಫಿಲಡೆಲ್ಫಿಯಾದಲ್ಲಿ 23-3ರ ಹಿನ್ನಡೆಯಿಂದ ಮೇಲೆದ್ದು 24-23ರಿಂದ ಗೆದ್ದ ಪಂದ್ಯವೂ ಒಂದು.

ರಕ್ಷಣಾ ವಿಭಾಗದ ಶ್ರೇಯಸ್ಸು ಮುಖ್ಯವಾಗಿ ಅದರ ಮುಖ್ಯಸ್ಥ ವಿಕ್ ಫ್ಯಾಂಜಿಯೊ ಅವರಿಗೆ ಸೇರಬೇಕು. ಮೊದಲ 14 ಪಂದ್ಯಗಳಲ್ಲಿ ಒಬ್ಬ ಎದುರಾಳಿಯೂ ಚೆಂಡು ಹಿಡಿದು ಓಡಿ ಟಚ್‌ಡೌನ್ ಗಳಿಸಲಾಗಲಿಲ್ಲ. ಪ್ಯಾಟ್ರಿಕ್ ವಿಲಿಸ್, ಜಸ್ಟಿನ್ ಸ್ಮಿತ್ ಹಳಬರೇ. ಆದರೆ ಆ ವರ್ಷವಷ್ಟೇ ಡ್ರಾಫ್ಟ್‌ನಲ್ಲಿ ಬಂದ ಆಲ್ಡನ್ ಸ್ಮಿತ್ 14 ಸ್ಯಾಕ್ (ಚೆಂಡು ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಗಳಿಸಿದ್ದನ್ನು ಮರೆತು 'ಕೋಚ್ ಒಬ್ಬರೇ ಎಲ್ಲವನ್ನೂ ಬದಲಿಸಿದರು' ಎನ್ನುವುದು ಸರಿಯಲ್ಲ.

ಸೀಸನ್ 13 ಗೆಲುವು, 3 ಸೋಲಿನೊಂದಿಗೆ ಮುಗಿಯಿತು. 2012ರ ಜನವರಿ 14ರಂದು ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧದ ಪ್ಲೇಆಫ್ ಪಂದ್ಯದ ಹೊತ್ತಿಗೆ ನಮ್ಮ ಕನ್ನಡದ ಗೆಳೆಯರ ಗಮನವೆಲ್ಲ ಪರ್ತ್ ಟೆಸ್ಟ್ ಮೇಲಿತ್ತು. ಭಾರತ ಇನಿಂಗ್ಸ್ ಸೋಲಿನ ಅಂಚಿನಲ್ಲಿತ್ತು, ದ್ರಾವಿಡ್ ಕ್ರೀಸಿನಲ್ಲಿದ್ದರು, ನಮ್ಮಲ್ಲಿ ಸಂಜೆಯಾದಾಗ ಅಲ್ಲಿ ಮೂರನೆಯ ದಿನದ ಆಟ ಶುರುವಾಗಬೇಕಿತ್ತು. ಅಲ್ಲಿಯವರೆಗೆ ಕಾಲ ಕಳೆಯಲೆಂದು ಟಿವಿ ಮುಂದೆ ಕುಳಿತವರು ಕಡೆಯ ನಾಲ್ಕು ನಿಮಿಷಗಳಲ್ಲಿ ಎದ್ದು ನಿಂತುಬಿಟ್ಟರು. ಸೇಂಟ್ಸ್ ಮುನ್ನಡೆ ಪಡೆಯಿತು. ಯಾರಿಂದ ಪವಾಡ ಬೇಡವೆಂದು ಹಾರ್ಬಾ ಬಿಟ್ಟಿದ್ದರೋ ಅದೇ ಅಲೆಕ್ಸ್ ಸ್ಮಿತ್ 28 ಗಜ ತಾನೇ ಓಡಿ ಟಚ್‌ಡೌನ್ ಮಾಡಿದರು. ಸೇಂಟ್ಸ್ ಮತ್ತೆ ಮುಂದೆ ಹೋಯಿತು. ಕೊನೆಗೆ 9 ಸೆಕೆಂಡ್ ಉಳಿದಿರುವಾಗ ಸ್ಮಿತ್ ಎಸೆದ ಚೆಂಡನ್ನು ವರ್ನನ್ ಡೇವಿಸ್ ಗೋಲ್ ಲೈನ್ ಬಳಿ ಹಿಡಿದು, ಮೈಮೇಲೆ ಬಿದ್ದ ಹೊಡೆತಕ್ಕೂ ಬಿಡದೆ ತಂಡವನ್ನು 36-32ರಿಂದ ಗೆಲ್ಲಿಸಿದರು.

ಮುಂದಿನ ವಾರ ನ್ಯೂಯಾರ್ಕ್ ಜೈಂಟ್ಸ್ ವಿರುದ್ಧ ಹೆಚ್ಚುವರಿ ಅವಧಿಯಲ್ಲಿ 20-17ರ ಸೋಲಾಯಿತು. ಗಾಯಗೊಂಡಿದ್ದ ಟೆಡ್ ಗಿನ್ ಬದಲು ಪಂಟ್ ಹಿಡಿಯಲು ನಿಂತ ಕೈಲ್ ವಿಲಿಯಮ್ಸ್‌ರಿಂದ ಎರಡು ಬಾರಿ ಚೆಂಡು ಎದುರಾಳಿಯ ಪಾಲಾಯಿತು. ವರ್ಷವಿಡೀ ಚೆಂಡು ಬಿಟ್ಟುಕೊಡದೆ ಗೆದ್ದ ತಂಡ ಹಾಗೆ ಸೋತಿತು ನಿಜ, ಆದರೆ ಆ ದಿನ ಅವರು 13 ಥರ್ಡ್ ಡೌನ್‌ಗಳಲ್ಲಿ (ಮೂರನೆಯ ಯತ್ನಗಳಲ್ಲಿ) ದಾಟಿದ್ದು ಒಂದನ್ನೇ. ವಿಲಿಯಮ್ಸ್ ಒಬ್ಬರನ್ನೇ ಹೊಣೆ ಮಾಡುವವರು ಈ ಲೆಕ್ಕ ನೋಡಬೇಕು.

ಇದೆಲ್ಲ ಅದೃಷ್ಟವಿರಬಹುದೇ ಎಂದೂ ನೀವು ಕೇಳಿದ್ದೀರಿ. ಕೆಳಗೆ ಬಿದ್ದ ಚೆಂಡು ಯಾರ ಕೈಗೆ ಪುಟಿಯುತ್ತದೆ ಎಂಬುದರಲ್ಲಿ ಅದೃಷ್ಟವಿದೆ, ಮತ್ತು 2012ರಲ್ಲಿ ಕಸಿದದ್ದಕ್ಕೂ ಕಳೆದದ್ದಕ್ಕೂ ನಡುವಿನ ಅಂತರ 28ರಿಂದ 9ಕ್ಕೆ ಇಳಿಯಿತು. ಹಾಗಿದ್ದೂ ಅದೇ ಸೀಸನ್ನಿನಲ್ಲಿ ತಂಡ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿತು. ಆದ್ದರಿಂದ ಮೊದಲ ಸೀಸನ್ನಿನ ಗೆಲುವುಗಳಲ್ಲಿ ಎರಡು-ಮೂರನ್ನು ಅದೃಷ್ಟದ ಖಾತೆಗೆ ಬರೆಯಲು ನನ್ನ ಅಭ್ಯಂತರವಿಲ್ಲ. ಉಳಿದವನ್ನು ಹಾರ್ಬಾ ಮತ್ತು ಫ್ಯಾಂಜಿಯೊ ಅವರಿಂದ ಕಿತ್ತುಕೊಳ್ಳಲು ನಾನು ಸಿದ್ಧನಿಲ್ಲ.