ಪಟ್ಟಿ ಬೇಡ, ಆ ಒಂದು ಓಕ್ ಮರ ಸಾಕು

ನಮಸ್ಕಾರ.

ನೀವು ಕಳಿಸಿದ ‘ಇಂಗ್ಲಿಷ್ ಸಾಹಿತ್ಯದ ಮೇಲೆ ಲ್ಯಾಟಿನ್ ಕಾವ್ಯದ ಪ್ರಭಾವ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆ ಅಂತ ನೇರವಾಗಿಯೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

12 ಪುಟಗಳಲ್ಲಿ ಚಾಸರ್‌ನಿಂದ ಎಲಿಯಟ್‌ವರೆಗೆ ಇಂಗ್ಲಿಷ್ ಕವಿಗಳೆಲ್ಲರೂ ಬಂದು ಹೋಗುತ್ತಾರೆ. ಒಬ್ಬೊಬ್ಬರ ಮುಂದೆಯೂ ಒಬ್ಬ ಲ್ಯಾಟಿನ್ ಕವಿಯ ಹೆಸರು: ‘ವರ್ಜಿಲ್‌ನ ಪ್ರಭಾವ’, ‘ಓವಿಡ್‌ನ ಪ್ರಭಾವ’. ಮದುವೆ ಮನೆಯ ಮುಯ್ಯಿ ಪಟ್ಟಿ ಓದಿದ ಹಾಗಾಯಿತು. ಯಾರು ಏನು ಕೊಟ್ಟರು ಅಂತ ಗೊತ್ತಾಗುತ್ತದೆ. ತೆಗೆದುಕೊಂಡವರು ಅದನ್ನು ಏನು ಮಾಡಿದರು ಅಂತ ಗೊತ್ತಾಗುವುದಿಲ್ಲ.

6ನೇ ಪುಟದಲ್ಲಿ, ಶೇಕ್ಸ್‌ಪಿಯರ್‌ನ ‘ಟೆಂಪೆಸ್ಟ್’ ನಾಟಕದ ಮಾಂತ್ರಿಕ ಪ್ರಾಸ್ಪೆರೊನ ಮಾತು ಓವಿಡ್‌ನಿಂದ ಬಂದದ್ದು ಅಂತ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ನಿಲ್ಲಬೇಕಾದ ಜಾಗ ಅದೇ ಅಲ್ವಾ!

ಓವಿಡ್‌ನ ‘ಮೆಟಮಾರ್ಫಸೀಸ್’ ಕಾವ್ಯದ 7ನೇ ಕಾಂಡದಲ್ಲಿ ಮಾಟಗಾತಿ ಮೆಡಿಯಾ ತನ್ನ ಮುದಿ ಮಾವನಿಗೆ ಯೌವನ ಕೊಡಿಸಲು ಹೊರಡುತ್ತಾಳೆ. ರಾತ್ರಿಯನ್ನು, ಬೆಟ್ಟ, ಹೊಳೆ, ಕೆರೆಗಳನ್ನು, ಕಾಡಿನ ದೇವರುಗಳನ್ನು ಕರೆಯುತ್ತಾಳೆ. 1567ರಲ್ಲಿ ಆರ್ಥರ್ ಗೋಲ್ಡಿಂಗ್ ಇಡೀ ಕಾವ್ಯವನ್ನು ಇಂಗ್ಲಿಷಿಗೆ ತಂದ. ಆ ಕಾಡಿನ ದೇವರುಗಳ ಜಾಗದಲ್ಲಿ ‘ಎಲ್ಫ್’ಗಳನ್ನು ಕೂರಿಸಿದ. ಇಂಗ್ಲೆಂಡಿನ ಹಳ್ಳಿ ಕಥೆಗಳಲ್ಲಿ ಓಡಾಡುವ ಮಾಯದ ಜೀವಗಳು ಅವು. ಸುಮಾರು 1611ರಲ್ಲಿ ಶೇಕ್ಸ್‌ಪಿಯರ್‌ನ ಪ್ರಾಸ್ಪೆರೊ ಕರೆಯುವುದೂ ಬೆಟ್ಟ, ತೊರೆಗಳ ಎಲ್ಫ್‌ಗಳನ್ನೇ. ಅಂದರೆ ಗೋಲ್ಡಿಂಗ್‌ನ ಅನುವಾದವನ್ನು ಶೇಕ್ಸ್‌ಪಿಯರ್ ಚೆನ್ನಾಗಿ ಓದಿಕೊಂಡಿದ್ದ.

ಆದರೆ ಇನ್ನೂ ಕೆಲವು ಸಾಲು ಮುಂದೆ ಓದಿ. ಮರ ಕೆಡವಿದ ಮಾತು ಬಂದಾಗ ಗೋಲ್ಡಿಂಗ್ ಸುಮ್ನೆ ‘ಮರ’ ಅನ್ನುತ್ತಾನೆ. ಶೇಕ್ಸ್‌ಪಿಯರ್ ‘ಓಕ್’ ಅನ್ನುತ್ತಾನೆ. ಲ್ಯಾಟಿನ್ ಮೂಲದಲ್ಲಿ ಇರುವುದು ‘ರೋಬೊರಾ’, ಅಂದರೆ ಓಕ್ ಮರಗಳು! ಅವನು ಮೂಲವನ್ನೂ ನೋಡಿರಬೇಕು. ಆದ್ದರಿಂದ 2ನೇ ಪುಟದ ‘ಶೇಕ್ಸ್‌ಪಿಯರ್‌ಗೆ ಲ್ಯಾಟಿನ್ ಬರುತ್ತಿರಲಿಲ್ಲ’ ಅನ್ನುವ ಸಾಲನ್ನು ತೆಗೆಯಿರಿ. ಅವನ ಕಾಲದ ನಾಟಕಕಾರ ಬೆನ್ ಜಾನ್ಸನ್ 1623ರಲ್ಲಿ ಹೇಳಿದ್ದು ಅವನಿಗೆ ‘ಸ್ವಲ್ಪ’ ಲ್ಯಾಟಿನ್ ಬರುತ್ತಿತ್ತು ಅಂತ. ಜಾನ್ಸನ್‌ನಂಥ ಪಂಡಿತನ ‘ಸ್ವಲ್ಪ’ ನಮ್ಮ ಲೆಕ್ಕದಲ್ಲಿ ಜಾಸ್ತಿಯೇ.

ಇನ್ನೊಂದು ಮಜಾ ಇದೆ. ಗೋರಿಗಳಲ್ಲಿ ಮಲಗಿದವರನ್ನು ಎಬ್ಬಿಸಿದ್ದೇನೆ ಅನ್ನುತ್ತಾನೆ ಪ್ರಾಸ್ಪೆರೊ. ನಾಟಕದಲ್ಲಿ ಎಲ್ಲೂ ಅವನು ಆ ಕೆಲಸ ಮಾಡುವುದಿಲ್ಲ. ಅದು ಮೆಡಿಯಾಳ ಬಡಾಯಿ, ಅವಳ ಮಾತಿಗೆ ಅಂಟಿಕೊಂಡೇ ಬಂದಿದೆ. ಮಾಟಕ್ಕೆ ಕೂರುವಾಗ ಅವಳು ಆಡಿದ ಮಾತನ್ನು ಇವನು ಮಾಟ ಬಿಡುವಾಗ ಆಡುತ್ತಾನೆ. ನಿಮ್ಮ ಲೇಖನ ಇದರ ಸುತ್ತ ನಿಲ್ಲಲಿ.

ಇಂಗ್ಲಿಷ್ ಕವಿ ವಿಲ್ಫ್ರೆಡ್ ಓವೆನ್‌ನನ್ನೂ ಇಟ್ಟುಕೊಳ್ಳಿ. ನಾಡಿಗಾಗಿ ಸಾಯುವುದು ಸಿಹಿ ಅಂತ ಲ್ಯಾಟಿನ್ ಕವಿ ಹೊರೇಸ್ ಬರೆದ ಸಾಲನ್ನು ಅವನು ಮೊದಲ ಮಹಾಯುದ್ಧದ ವಿಷಗಾಳಿಯ ಪದ್ಯದ ಕೊನೆಗೆ ಇಟ್ಟು, ‘ಹಳೇ ಸುಳ್ಳು’ ಅಂದ. ಮಿಕ್ಕವರನ್ನು ಬಿಡಿ. ಹೋಮರ್‌ನನ್ನಂತೂ ಲ್ಯಾಟಿನ್ ಕವಿಗಳ ಸಾಲಿನಿಂದ ಎಬ್ಬಿಸಿಬಿಡಿ, ಅವನು ಗ್ರೀಕ್ ಕವಿ. ಕೊನೆಯ ಪುಟದಲ್ಲಿ ಪಂಪನಿಗೆ ಹಾರಿದ್ದೀರಲ್ಲ, ಅದು ಬೇರೆಯೇ ಲೇಖನ.

800 ಪದ ಸಾಕು. ಪ್ರಾಸ್ಪೆರೊನ ಮಾತನ್ನು ನೀವೇ ಕನ್ನಡಕ್ಕೆ ಮಾಡಿ ಸೇರಿಸಿ. ಗೋಲ್ಡಿಂಗ್ ತಂದ ಆ ‘ಎಲ್ಫ್’ಗೆ ನೀವು ಯಾವ ಪದ ಇಡುತ್ತೀರೋ, ನೋಡಬೇಕು.

ಇಂತಿ,
ಸಂಪಾದಕ